ಮಂಚದ ಕೆಳಗಿನ ಆಸ್ಥಾನ

4, ಸೋಮವಾರ. ಬೆಳಿಗ್ಗೆ 9.05

ಮತ್ತೆ ಪ್ಲಗ್ ಕಿತ್ತಿದ್ದಾಳೆ.

ಅಕ್ಕನಿಗೆ ಬೆಳಗಿನ ಡ್ಯೂಟಿ ಬಂತೆಂದರೆ ಇದೇ ಗೋಳು. ಆರು ಗಂಟೆಗೆ ನನ್ನ ಕೋಣೆಗೆ ನುಗ್ಗುವುದು, ಮಂಚದ ಪಕ್ಕದ ಪ್ಲಗ್ ಕೀಳುವುದು, ಇಸ್ತ್ರಿಪೆಟ್ಟಿಗೆ ಸಿಕ್ಕಿಸುವುದು, ನರ್ಸಮ್ಮನ ಯೂನಿಫಾರ್ಮು ಗರಿಗರಿ ಮಾಡಿಕೊಂಡು ಹೊರಡುವುದು. ಕಿತ್ತದ್ದನ್ನು ವಾಪಸ್ ಹಾಕುವ ಸೌಜನ್ಯ ಇಲ್ಲ. ಮಧ್ಯಾಹ್ನದ ಡ್ಯೂಟಿಯಾದರೆ ಬೀದಿ ಕೊನೆಯ ಇಸ್ತ್ರಿ ಅಂಗಡಿಗೆ ಕೊಡುತ್ತಾಳೆ. ಬೆಳಿಗ್ಗೆ ಆರಕ್ಕೆ ಅವನೂ ಬಾಗಿಲು ತೆಗೆದಿರುವುದಿಲ್ಲ. ಹಾಗಾಗಿ ನನ್ನ ಆಸ್ಥಾನಕ್ಕೆ ಕತ್ತಲು. ನಾನು ಒಂಬತ್ತಕ್ಕೆ ಎದ್ದು ಪ್ಲಗ್ ಹಾಕಿದ ಮೇಲೆಯೇ ಪುನಃ ಪಟ್ಟಾಭಿಷೇಕ.

ಆಸ್ಥಾನವೆಂದರೆ ಮಂಚದ ಕೆಳಗಿನ ಹಳೆಯ ಕಂಪ್ಯೂಟರ್. ಮೇಲಿನ ಮುಚ್ಚಳ ಇಲ್ಲ, ಫ್ಯಾನು ಗೊರಕೆ ಹೊಡೆಯುತ್ತದೆ. ಅದಕ್ಕೆ ಒಂದೇ ಉದ್ಯೋಗ — ಘೋಷಣೆ. ನಮ್ಮ ಕಂಪನಿ ಮಾಡಿದ ರಕ್ತದ ಕೋರಿಕೆಯ ಫಂಕ್ಷನ್, ಅಂದರೆ ಕೋರಿಕೆ ಬಂದಾಗ ಮಾತ್ರ ಏಳುವ ಪುಟ್ಟ ಪ್ರೋಗ್ರಾಮು, ಕ್ಲೌಡಿನಲ್ಲಿ ಹೊಸದಾಗಿ ಕಣ್ಣು ಬಿಟ್ಟಾಗಲೆಲ್ಲ ಇದರ ಹತ್ತಿರ ಒಂದು ಸಾಲು ಕೇಳಿ ಪಡೆದು ಲಾಗ್‌ನಲ್ಲಿ ಬರೆಯುತ್ತದೆ. ‘ಎಲೈ ಮಂತ್ರಿವರ್ಯರೇ, ರಕ್ತದ ಕೋರಿಕೆಯೊಂದು ಬಿಜಯಂಗೈಯುತ್ತಿದೆ, ಎದ್ದು ನಿಲ್ಲತಕ್ಕದ್ದು.’ ಪ್ರೋಗ್ರಾಮಿನ ದಿನಚರಿಯಾದ ಈ ಲಾಗ್ ಓದುವವರು ನಮ್ಮ ಟೀಮ್ ಲೀಡ್ ಒಬ್ಬರೇ. ಟ್ರಯಲ್ ನಡೆಯುವಾಗ ಒಂದು ದಿನ ಓದಿ ನಿಜವಾಗಿಯೂ ಎದ್ದು ನಿಂತರು. ಅಂದಿನಿಂದ ಅವರು ಮಹಾಮಂತ್ರಿ. ಸಾಲುಗಳು ಯಾರ ಮಂಚದ ಕೆಳಗಿಂದ ಬರುತ್ತವೆಂದು ಅವರಿಗೂ ಗೊತ್ತಿಲ್ಲ. ರಾಜರಹಸ್ಯ.

ಇವತ್ತಿನಿಂದ ಅಕ್ಕನ ಆಸ್ಪತ್ರೆ ಕಾಗದದ ಚೀಟಿ ಬಿಟ್ಟು ನಮ್ಮದನ್ನೇ ಬಳಸುತ್ತದೆ. ವಾರ್ಡಿನಲ್ಲಿ ಗುಂಡಿ ಒತ್ತಿದರೆ ರಕ್ತನಿಧಿಯಲ್ಲಿ ಗಂಟೆ. ಇತಿಹಾಸ ಸೃಷ್ಟಿಯಾಗಲಿದೆ. ಸ್ನಾನ ಮಾಡಬೇಕು.

4, ರಾತ್ರಿ ಊಟಕ್ಕೆ ಮುಂಚೆ

ಇತಿಹಾಸ ಸೃಷ್ಟಿಯಾಯಿತು. ಬೆಳಿಗ್ಗೆ ಹನ್ನೊಂದು ಕೋರಿಕೆ ಸತ್ತಿವೆ. ಎಲ್ಲದರ ಮೇಲೂ ಒಂದೇ ಶಿಲಾಶಾಸನ: ಟೈಮೌಟ್.

ನಾನು ಹತ್ತೂವರೆಗೆ ಕೂತು ನೋಡಿದೆ. ಎಲ್ಲ ಸರಿ. ಇಪ್ಪತ್ತು ಸಲ ಕಳಿಸಿದೆ, ಇಪ್ಪತ್ತೂ ಎರಡು ಸೆಕೆಂಡಿನೊಳಗೆ. ಆಸ್ಪತ್ರೆಯವರು ಫೋನಿನಲ್ಲಿ ಹರಿಹಾಯ್ದರು. ‘ನಮ್ಮಲ್ಲಿ ಸರಿ ಇದೆ’ ಎಂದೆ. ‘ಪೇಷಂಟ್ ನಿಮ್ಮಲ್ಲಿ ಇದ್ದಾರೇನ್ರೀ?’ ಎಂದರು.

ಅಮ್ಮ ಕೇಳಿದಳು, “ಏನೋ ಅದು ಟೈಮೌಟು?”

“ಕರೆದಾಗ ಎದ್ದು ಬರೋ ಆಳು ಅಂದ್ಕೊ ಅಮ್ಮ. ಕೆಲಸ ಇಲ್ದಾಗ ಮಲಗಿರ್ತಾನೆ. ಮೂವತ್ತು ಸೆಕೆಂಡಲ್ಲಿ ಕೆಲಸ ಮುಗಿಸ್ಲಿಲ್ಲ ಅಂದ್ರೆ ಅಲ್ಲೇ ಕತ್ತು ಹಿಸುಕ್ತಾರೆ.”

“ಯಾಕೆ ತಡ ಮಾಡ್ದೆ ಅಂತ ಕೇಳಲ್ವಾ?”

“ಇಲ್ಲ.”

“ಮೊದ್ಲು ಕೇಳ್ಬೇಕಪ್ಪ.”

ಅಮ್ಮನನ್ನು ಟೀಮ್ ಲೀಡ್ ಮಾಡಬೇಕು.

6, ಬುಧವಾರ

ನಿನ್ನೆ ಒಂಬತ್ತು, ಇವತ್ತು ಹದಿಮೂರು. ಎಲ್ಲ ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ. ಮೊದಲೇ ಎದ್ದು ಕೂತಿದ್ದ ಫಂಕ್ಷನ್‌ಗಳು ಬದುಕುತ್ತವೆ, ಹೊಸದಾಗಿ ಏಳುವವು ಸಾಯುತ್ತವೆ.

ಸತ್ತವುಗಳ ಲಾಗ್ ತೆಗೆದೆ. ಕ್ಲೌಡ್ ತಾನೇ ಬರೆಯುವ ‘ಆರಂಭ’ ಎಂಬ ಸಾಲು. ಆಮೇಲೆ ಮೂವತ್ತು ಸೆಕೆಂಡಿನ ಮೌನ. ಆಮೇಲೆ ಮರಣ. ನನ್ನ ಘೋಷಣೆ ಕೂಡ ಬಂದಿಲ್ಲ. ಘೋಷಣೆ ನನ್ನ ಕೋಡಿನ ಮೊದಲ ಸಾಲು. ಅದೇ ಬಂದಿಲ್ಲವೆಂದರೆ ನನ್ನ ಕೋಡಿನವರೆಗೆ ಬರುವ ಮೊದಲೇ ಸತ್ತಿದೆ. ತಪ್ಪು ಕ್ಲೌಡ್ ಕಂಪನಿಯದು. ಸಾಬೀತು.

ಅವರ ಸಪೋರ್ಟಿಗೆ ಎರಡು ಪುಟ ಬೈಗುಳ ಬರೆದೆ. ಘನಗಂಭೀರ ಭಾಷೆಯಲ್ಲಿ. ‘ತಮ್ಮ ಮೋಡಗಳು ಬೆಳಗಿನ ಜಾವ ತೂಕಡಿಸುತ್ತಿರುವಂತೆ ತೋರುತ್ತದೆ’ ಇತ್ಯಾದಿ. ಉತ್ತರ ಬಂತು: ನಿಮ್ಮ ಕೋಡ್ ಹೊರಗಿನ ಯಾವುದಾದರೂ ಸೇವೆಗಾಗಿ ಕಾಯುತ್ತಿದೆಯೇ ಪರಿಶೀಲಿಸಿ. ಯಾವ ಸೇವೆ? ಡೇಟಾಬೇಸ್ ಒಂದೇ, ಅದು ಸರಿಯಾಗಿದೆ. ಇವರಿಗೆ ಓದಲು ಬರುವುದಿಲ್ಲ.

8, ಶುಕ್ರವಾರ

ಮಹಾಮಂತ್ರಿಗಳು ಸಭೆ ಕರೆದು ತೀರ್ಪು ಕೊಟ್ಟರು. “ಮೂವತ್ತು ಸೆಕೆಂಡ್ ಸಾಲ್ದು ಅನ್ಸತ್ತೆ. ಅರವತ್ತು ಮಾಡು.”

“ಸರ್, ಸರಿ ಇರೋದು ಎರಡೇ ಸೆಕೆಂಡಲ್ಲಿ ಮುಗಿಯತ್ತೆ. ಕೆಟ್ಟಿರೋದಕ್ಕೆ ಅರವತ್ತಲ್ಲ, ಆರು ತಿಂಗಳು ಕೊಟ್ರೂ ಅಷ್ಟೇ.”

“ಮಾಡು ಅಂದ್ರೆ ಮಾಡಪ್ಪ. ಎಲ್ಲದಕ್ಕೂ ತಲೆಹರಟೆ.”

ಮಾಡಿದೆ. ಗೋಡೆಯೊಳಗೆ ಪೈಪು ಸೋರಿದರೆ ಇವರು ದೊಡ್ಡ ಬಕೆಟ್ ತರುವ ಜನ.

15, ಶುಕ್ರವಾರ

ವಾರದಿಂದ ಒಂದೂ ಟೈಮೌಟ್ ಇಲ್ಲ. ಮಹಾಮಂತ್ರಿಗಳು ಕಾಫಿ ಯಂತ್ರದ ಹತ್ತಿರ ವಿಜಯೋತ್ಸವ ಆಚರಿಸಿದರು. “ನೋಡಿದ್ಯಾ? ಅರವತ್ತು.”

ಮೈಯೆಲ್ಲ ಉರಿಯಿತು. ತಪ್ಪು ಮದ್ದಿಗೆ ಕಾಯಿಲೆ ವಾಸಿಯಾದರೆ ಡಾಕ್ಟರಿಗೆ ಕೊಬ್ಬು, ರೋಗಿಗೆ ಅಪಾಯ. ಹೇಳಲಿಲ್ಲ. ಘೋಷಣೆಗಳ ಪಟ್ಟಿಗೆ ಹೊಸದೊಂದು ಸೇರಿಸಿದೆ: ‘ಅರವತ್ತು ಸೆಕೆಂಡುಗಳ ದಾನಶೂರರಿಗೆ ಜಯವಾಗಲಿ.’

ಅಕ್ಕನಿಗೆ ಈ ವಾರ ಮಧ್ಯಾಹ್ನದ ಡ್ಯೂಟಿ. ಪ್ಲಗ್ ಕ್ಷೇಮ. ನಿದ್ದೆಯೂ ಕ್ಷೇಮ.

18, ಸೋಮವಾರ

ಮತ್ತೆ ಶುರು. ಹದಿನಾಲ್ಕು. ಹಲ್ಲು ಕಡಿದು ಕಡಿದು ದವಡೆ ನೋವು. ಬೆಳಿಗ್ಗೆ ಎದ್ದರೆ ಪ್ಲಗ್ಗೂ ಕಿತ್ತಿತ್ತು. ಇಡೀ ಲೋಕವೇ ನನ್ನ ಮೇಲೆ ಸಂಚು ಹೂಡಿದೆ.

19, ಮಂಗಳವಾರ. ಸಂಜೆ

ಅಕ್ಕ ಚಪ್ಪಲಿ ಬಿಡದೆ ನೇರ ಅಡುಗೆಮನೆಗೆ ಹೋಗಿ ಕೂತಳು. ನೀರು ಕೇಳಿದಳು. ಕುಡಿಯಲಿಲ್ಲ.

“ಬೆಳಿಗ್ಗೆ ಒಬ್ಬಳಿಗೆ ಹೆರಿಗೆ ಆಯ್ತು. ರಕ್ತ ನಿಲ್ತಾನೇ ಇಲ್ಲ. ನಾನು ಏಳೂ ಹನ್ನೊಂದಕ್ಕೆ ಗುಂಡಿ ಒತ್ತಿದೀನಿ ಕಣೋ. ಗಡಿಯಾರ ನೋಡಿಯೇ ಒತ್ತಿದ್ದು. ಚಕ್ರ ತಿರುಗ್ತಾ ಇತ್ತು. ಆಕಡೆ ಬೆಡ್‌ನವರು ಕೂಗಿದ್ರು, ಹೋದೆ. ಹೋಗಿರತ್ತೆ ಅಂದ್ಕೊಂಡೆ. ವಾಪಸ್ ಬಂದು ನೋಡಿದ್ರೆ ‘ಮತ್ತೆ ಪ್ರಯತ್ನಿಸಿ.’ ಅಷ್ಟೊತ್ತಿಗೆ ಏಳೂ ನಲವತ್ತೆಂಟು. ನಾನೇ ಓಡಿದೆ ರಕ್ತನಿಧಿಗೆ.”

“ಆ ಹೆಂಗಸು?”

“ಬದುಕಿದಾಳೆ.” ಲೋಟ ಪಕ್ಕಕ್ಕೆ ಸರಿಸಿದಳು. “ಮುಂಚೆ ಮೂವತ್ತು ಸೆಕೆಂಡಲ್ಲಿ ಆಗಲ್ಲ ಅಂತ ಹೇಳ್ಬಿಡ್ತಿತ್ತು. ನಿಂತು ನೋಡ್ತಿದ್ವಿ. ಈಗ ಒಂದು ನಿಮಿಷ ತಿರುಗತ್ತೆ. ವಾರ್ಡಲ್ಲಿ ಒಂದು ನಿಮಿಷ ಯಾರೋ ನಿಲ್ತಾರೆ?”

ಅಕ್ಕನ ಕೈಗೆ ಮೆಮೊ ಕೊಟ್ಟಿದ್ದಾರೆ. ಕೋರಿಕೆ ಮೂವತ್ತೇಳು ನಿಮಿಷ ತಡವಾಗಿ ಕಳಿಸಿದ್ದಕ್ಕೆ ಕಾರಣ ಕೊಡಿ. ಶುಕ್ರವಾರ ವಿಚಾರಣೆ. ಅಕ್ಕನ ಮಾತು ಸುಳ್ಳೆಂದಾದರೆ ಸಸ್ಪೆಂಡು.

ಮಹಾಮಂತ್ರಿಯ ಅರವತ್ತು. ಬರುತ್ತಿರುವ ಕೋಪಕ್ಕೆ ಘನಗಂಭೀರ ಭಾಷೆ ಸಾಲುತ್ತಿಲ್ಲ.

20, ಬುಧವಾರ

ಅಕ್ಕನ ಲಾಗಿನ್ ಹಿಡಿದು ಹುಡುಕಿದೆ. ಇದೆ. ಏಳೂ ಹನ್ನೊಂದು, ಆರಂಭ. ಏಳೂ ಹನ್ನೆರಡು, ಟೈಮೌಟ್. ಒತ್ತಿದ್ದು ನಿಜ. ಪ್ರಿಂಟ್ ತೆಗೆದುಕೊಂಡು ಮಹಾಮಂತ್ರಿಯ ಮೇಜಿಗೆ ಹೋದೆ.

ಅವರು ಪ್ರಿಂಟ್ ನೋಡಲೇ ಇಲ್ಲ. “ಆಸ್ಪತ್ರೆಗೆ ಉತ್ತರ ರೆಡಿ ಮಾಡು. ಬಳಕೆದಾರರು ಉತ್ತರ ಬರೋ ತನಕ ಕಾಯದೆ ಸ್ಕ್ರೀನ್ ಬಿಟ್ಟು ಹೋಗಿದಾರೆ ಅಂತ ಬರಿ. ಟೈಮೌಟ್ ತೊಂಬತ್ತು ಮಾಡ್ಬಿಡು.”

“ಆ ಬಳಕೆದಾರರು ನಮ್ಮಕ್ಕ ಸರ್.”

“ಓ.” ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. “ಹಾಗಿದ್ರೆ ಬೇರೆಯವರ ಹತ್ರ ಬರೆಸ್ತೀನಿ. ಇಲ್ಲಾಂದ್ರೆ ಯಾಕೆ ಸಾಯ್ತಿದೆ ಅಂತ ಕಾರಣ ತಗೊಂಬಾ. ಬರೀ ಒತ್ತಿದ್ರು ಅಂದ್ರೆ ಆಗಲ್ಲ. ನಾಳೆ ಸಂಜೆ ತನಕ ಟೈಮು.”

ನನಗೂ ಟೈಮೌಟ್ ಇಟ್ಟರು. ನಾಳೆ ಆರಕ್ಕೇ ಎದ್ದು ಲಾಗ್ ಎದುರು ಕೂರುತ್ತೇನೆ. ಕ್ಲೌಡ್ ಕಂಪನಿಯ ಕುತ್ತಿಗೆ ಪಟ್ಟಿ ಹಿಡಿದೇ ಹಿಡಿಯುತ್ತೇನೆ.

21, ಗುರುವಾರ. ಬೆಳಿಗ್ಗೆ 7.30

ಆದದ್ದು ಆದ ಹಾಗೆ ಬರೆಯುತ್ತೇನೆ.

5.50ಕ್ಕೆ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಲಾಗ್ ಹರಿಯುತ್ತಿತ್ತು. 5.58, ಆರಂಭ, ‘ಎಲೈ ಮಂತ್ರಿವರ್ಯರೇ’. 6.04, ಆರಂಭ, ‘ದಾನಶೂರರಿಗೆ ಜಯವಾಗಲಿ’. ಎಲ್ಲ ಸರಿ.

6.10. ಅಕ್ಕ ಅರ್ಧ ಜಡೆಯಲ್ಲಿ ಬಂದಳು. “ಇಷ್ಟು ಬೇಗ ಎದ್ದಿದೀಯಾ? ಹುಷಾರಾಗಿದೀಯಾ?” ಬಗ್ಗಿದಳು. ಪ್ಲಗ್ ಕಿತ್ತಳು. ಮಂಚದ ಕೆಳಗಿನ ಗೊರಕೆ ನಿಂತಿತು.

6.13. ಆರಂಭ.

ಘೋಷಣೆ ಇಲ್ಲ. ನೋಡುತ್ತಾ ಕೂತೆ. ಬಟ್ಟೆಯ ಮೇಲೆ ನೀರು ಚಿಮುಕಿಸಿದ ಸದ್ದು, ಇಸ್ತ್ರಿಯ ಹಬೆ. ಟೈಮೌಟ್.

“ಅಕ್ಕ, ಆ ಪ್ಲಗ್ ವಾಪಸ್ ಹಾಕು.”

“ತೋಳು ಒಂದು ಉಳಿದಿದೆ, ತಡಿ.”

ನಾನೇ ಇಸ್ತ್ರಿಯ ವೈರು ಕಿತ್ತು ಆಸ್ಥಾನದ್ದು ಹಾಕಿದೆ. ಎರಡು ನಿಮಿಷ ಬೇಕು ಅದಕ್ಕೆ ಏಳಲು. ಎದ್ದಿತು. ಮುಂದಿನದು: ಆರಂಭ, ‘ಎದ್ದು ನಿಲ್ಲತಕ್ಕದ್ದು’. ಕಿತ್ತೆ. ಟೈಮೌಟ್. ಪ್ಲಗ್ ವಾಪಸ್ ಹಾಕಿದೆ, ಮೂರನೆಯ ಸಲ ಕೀಳಲು ಧೈರ್ಯ ಬರಲಿಲ್ಲ. ಅತ್ತ ಕಡೆ ಗುಂಡಿ ಒತ್ತುತ್ತಿರುವವರು ಯಾರದೋ ಅಕ್ಕ.

ಫಂಕ್ಷನ್ ಎದ್ದ ಕೂಡಲೇ ನನ್ನ ಮಂಚದ ಕೆಳಗೆ ಬಂದು ನಿಲ್ಲುತ್ತದೆ, ಒಂದು ಜೋಕು ಕೊಡಿ ಎಂದು. ಆಸ್ಥಾನ ಆರಿದ್ದರೆ ಕಾಯುತ್ತದೆ. ಎಷ್ಟು ಹೊತ್ತು ಕಾಯಬೇಕೆಂದು ನಾನು ಬರೆದಿಲ್ಲ. ಕಾಯುತ್ತಾ ಕಾಯುತ್ತಾ ಸಾಯುತ್ತದೆ, ಕೈಯಲ್ಲಿ ರಕ್ತದ ಕೋರಿಕೆ ಹಿಡಿದುಕೊಂಡೇ. ನನ್ನ ಕೋಡಿನವರೆಗೆ ಬಂದೇ ಇಲ್ಲ ಅಂದುಕೊಂಡಿದ್ದೆನಲ್ಲ — ನನ್ನ ಕೋಡಿನ ಮೊದಲ ಸಾಲಿನಲ್ಲೇ ನಿಂತಿತ್ತು. ಹೊರಗಿನ ಸೇವೆ. ಕಂಪನಿಯವನು ಓದಿಯೇ ಬರೆದಿದ್ದ. ಓದಲು ಬಾರದವನು ನಾನು.

ಅಕ್ಕ ಒಂದು ತೋಳು ಸುಕ್ಕಾಗಿಯೇ ಡ್ಯೂಟಿಗೆ ಹೋದಳು.

21, ಸಂಜೆ

ಆಫೀಸಿಗೆ ಹೋದವನೇ ಕೋಡಿನಿಂದ ಘೋಷಣೆ ಕೇಳುವ ನಾಲ್ಕು ಸಾಲು ಅಳಿಸಿದೆ. ಐದು ನಿಮಿಷದ ಕೆಲಸ. ಇನ್ನು ಯಾವ ಬೆಳಿಗ್ಗೆಯೂ ಟೈಮೌಟ್ ಇಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ‘ತೊಂಬತ್ತು’ ಗೆದ್ದಿತೆಂದು ಮಹಾಮಂತ್ರಿ ಇನ್ನೊಂದು ಕಾಫಿ ಕುಡಿಯುತ್ತಿದ್ದರು. ಅಕ್ಕ ‘ಕಾಯದೆ ಹೋದ ಬಳಕೆದಾರರು’ ಆಗುತ್ತಿದ್ದಳು.

ಆಸ್ಪತ್ರೆಗೆ ಒಂದು ಪುಟ ಬರೆದೆ. ಘನಗಂಭೀರ ಭಾಷೆ ಇಲ್ಲದೆ. ಇಂಥ ಸಾಲು ಬರೆದವನು ನಾನು, ಕಾರಣ ತಮಾಷೆ. ಮಹಾಮಂತ್ರಿ ಎರಡು ಸಲ ಓದಿದರು. ಈ ಸಲವೂ ಎದ್ದು ನಿಂತರು.

“ಇದು ಹೊರಗೆ ಹೋದ್ರೆ ನಿನ್ನ ಕೆಲಸ ಹೋಗತ್ತೆ. ಗೊತ್ತಲ್ವಾ?”

“ಗೊತ್ತು ಸರ್.”

“ನಾನು ಸಹಿ ಹಾಕಲ್ಲ.”

“ಬೇಡ ಸರ್. ಸಹಿ ನಂದೇ.”

ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆಂದು ತಲೆ ಬಗ್ಗಿಸಿ ಕೂತಿದ್ದೆ. ಬೈಯಲಿಲ್ಲ. ಕೇಳಿದಳು, “ಆವತ್ತು ಏಳೂ ಹನ್ನೊಂದಕ್ಕೆ ಯಾವ ಸಾಲು ಬರ್ಬೇಕಿತ್ತು?”

ಸಾಲುಗಳು ಸರದಿಯ ಪ್ರಕಾರ ಬರುತ್ತವೆ, ಪಟ್ಟಿ ನೋಡಿ ಹೇಳಬಹುದು. ನೋಡಿದೆ. ಓದಿದೆ. “‘ರಕ್ತವು ಪಲ್ಲಕ್ಕಿಯಲ್ಲಿ ಬರುತ್ತಿದೆ, ಅವಸರಿಸತಕ್ಕದ್ದಲ್ಲ.’”

ಅಕ್ಕ ನನ್ನನ್ನೇ ನೋಡಿದಳು. ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

22, ಶುಕ್ರವಾರ. ಬೆಳಿಗ್ಗೆ 9.40, ಆಸ್ಪತ್ರೆ

ಹೊರಗಿನ ಬೆಂಚು. ಒಳಗೆ ಮೂರು ಜನ, ಮೇಜಿನ ಮೇಲೆ ಒಂದೊಂದು ಗ್ಲಾಸ್ ನೀರು. ಬಾಗಿಲ ಸಂದಿಯಿಂದ ಕಾಣುತ್ತದೆ.

ಅಕ್ಕ ಬೆಳಿಗ್ಗೆ ಆರಕ್ಕೆ ನನ್ನ ಕೋಣೆಗೆ ಬಂದಳು. ಪ್ಲಗ್ ಕೀಳಲು ಬಗ್ಗಿದಳು. ಕೀಳಲು ಏನೂ ಇರಲಿಲ್ಲ. ಆಸ್ಥಾನವನ್ನು ರಾತ್ರಿಯೇ ಅಟ್ಟಕ್ಕೆ ಹಾಕಿದ್ದೆ. ಖಾಲಿ ತೂತುಗಳನ್ನು ಸ್ವಲ್ಪ ಹೊತ್ತು ನೋಡಿದಳು. ಯೂನಿಫಾರ್ಮ್ ಇಸ್ತ್ರಿ ಮಾಡಿದಳು, ಎರಡೂ ತೋಳು. ಆಮೇಲೆ ನನ್ನ ಕಡೆ ತಿರುಗದೆ ಕೈ ಚಾಚಿದಳು.

“ಶರ್ಟ್ ಕೊಡು.”

ಈಗ ಅದೇ ತೊಟ್ಟು ಕೂತಿದ್ದೇನೆ. ಕಾಗದ ಜೇಬಿನಲ್ಲಿದೆ. ಅಕ್ಕ ಪಕ್ಕದಲ್ಲಿದ್ದಾಳೆ. ಒಂದೇ ಒಂದು ಸಲ, “ಬರೀತಾ ಕೂರ್ಬೇಡ, ಕರೀತಾರೆ” ಎಂದಳು.

ಬಾಗಿಲು ತೆರೆಯಿತು. ಕರೆದದ್ದು ಅಕ್ಕನನ್ನು. ಎದ್ದವನು ನಾನು—