ಎದೆಯ ಮೇಲಿನ ಜಾಗ

ಹಾಫ್‌ಮನ್ ಎಸ್ಟೇಟ್ಸ್
೭ ಫೆಬ್ರವರಿ ೨೦೨೫, ಶುಕ್ರವಾರ ಮಧ್ಯಾಹ್ನ

ಮುದ್ದು ಇಶಾ,

ಹೇಗಿದ್ದೀಯ ಕೂಸೇ? ನೆಗಡಿ ಇಳಿಯಿತೇ? ಕಟ್ಟಿಕೊಟ್ಟ ಶೇಂಗಾ ಹೋಳಿಗೆ ನೀನು ತಿಂದೆಯೋ, ಎಲ್ಲವನ್ನೂ ಗೆಳತಿ ರಿಯಾಳಿಗೇ ದಾನ ಮಾಡಿದೆಯೋ? ಕೊಲೊರಾಡೋದ ಆ ಗುಡ್ಡದಲ್ಲಿ ನಿನ್ನ ಫೋನು ಹತ್ತುತ್ತಿಲ್ಲ. ಸಂಜೆ ಕ್ಯಾಬಿನ್ನಿಗೆ ಮರಳಿದಾಗ ಮೆಸೇಜು ಮಾತ್ರ ಬರುತ್ತದೆ ಎಂದಿದ್ದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಅಮ್ಮ ಸುಚೇತಾ ಇದರ ಫೋಟೋ ಕಳಿಸುತ್ತಾಳೆ. ನಾನು ಕಲಿಸಿದ ಅಕ್ಷರ ಮರೆತಿಲ್ಲ ತಾನೇ?

ಇಲ್ಲಿ ಎಲ್ಲರೂ ಆರಾಮ; ಅಂದರೆ ಆರಾಮವಾಗಿರುವಂತೆ ನಟಿಸುತ್ತಿದ್ದೇವೆ. ನಮ್ಮ ಹಿಮ ಡ್ರೈವ್‌ವೇಯಲ್ಲಿ ಬಿದ್ದು ಸುಮ್ಮನೆ ಮಲಗುತ್ತದೆ, ನಿನ್ನ ಅಪ್ಪ ಬೈದುಕೊಂಡೇ ಅದನ್ನು ಎತ್ತಿ ಹಾಕುತ್ತಾನೆ. ಅಲ್ಲಿಯದು ಹಾಗಲ್ಲವಂತೆ. ಹಿಮಕುಸಿತದ ಮುನ್ಸೂಚನೆಯನ್ನು ನಿನ್ನ ಅಮ್ಮ ದಿನಾ ಬೆಳಿಗ್ಗೆ ನನಗೆ ಓದಿ ಹೇಳುತ್ತಾಳೆ. ಕೆಳಗಿನ ಪದರು ಸಕ್ಕರೆಯ ಹಾಗೆ ಸಡಿಲವಾಗಿದೆ, ಕಣಗಳು ಒಂದಕ್ಕೊಂದು ಅಂಟುವುದಿಲ್ಲ. ಗಾಳಿ ತಂದು ಹಾಕಿದ ಹಿಮ ಅದರ ಮೇಲೆ ಗಟ್ಟಿಯಾಗಿ ಕೂತಿದೆ. ಒಬ್ಬರು ಕಾಲಿಟ್ಟರೆ ಇಡೀ ಇಳಿಜಾರೇ ಜಾರಿ ಬರಬಹುದು. ನಾಳೆ ಅಪಾಯ ಇನ್ನೂ ಹೆಚ್ಚಂತೆ. ಇದೆಲ್ಲ ತಿಳಿದೂ ನೀನು, ರಿಯಾ ಇಬ್ಬರೂ ನಾಳೆ ಸ್ಕೀ ಕಟ್ಟಿಕೊಂಡು ಹೊರಡುತ್ತೀರಿ. ನನಗೆ ಹೆದರಿಕೆಯಾಗಿದೆ, ಊಟ ಸೇರುತ್ತಿಲ್ಲ. ಹೋಗಬೇಡ ಎಂದರೆ ಕೇಳುವವಳಲ್ಲ ನೀನು, ಎಷ್ಟಾದರೂ ನನ್ನ ಮೊಮ್ಮಗಳು. ಕಡಿದಾದ ಕಡೆ ಮಾತ್ರ ಹೋಗಬೇಡಿ.

ನನಗಿರುವ ಒಂದೇ ಧೈರ್ಯ ನಿನ್ನ ಇಷ್ಟಲಿಂಗ. ದೀಕ್ಷೆಯ ದಿನ ನಾನು ಕೊಟ್ಟ ಬೆಳ್ಳಿ ಕರಡಿಗೆಯಲ್ಲಿ ಅದು ನಿನ್ನ ಎದೆಯ ಮೇಲಿದೆ. ಹಿಮದಡಿ ಸಿಕ್ಕವರ ಜಾಡು ತೋರಿಸುವ ಆ ಬೀಕನ್ ಯಂತ್ರವನ್ನೂ ಅಲ್ಲೇ ಕಟ್ಟಿಕೊಳ್ಳುತ್ತೀಯಂತೆ. ಕಟ್ಟಿಕೋ, ಆದರೆ ಲಿಂಗ ಮೈಬಿಟ್ಟು ಹೋಗಬಾರದು. ಹೊರಡುವಾಗ ಬಾಗಿಲಲ್ಲೇ ನಿಲ್ಲಿಸಿ ಕೇಳಿದ್ದಕ್ಕೆ, “ಪ್ರಾಮಿಸ್ ಅಜ್ಜಿ, ತೆಗೆಯಲ್ಲ” ಎಂದು ಜಾಕೆಟ್ಟು ಸರಿಸಿ ತೋರಿಸಿದ್ದೆ. ಆ ಮಾತು ಉಳಿಸಿಕೋ.

ರಿಯಾಳಿಗೂ ನನ್ನ ಆಶೀರ್ವಾದ ಹೇಳು. ಬಸವಣ್ಣ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ದಾರಿ ನೋಡುತ್ತಿರುವ
ಶಿವಕ್ಕಜ್ಜಿ

ತಾ.ಕ.: ಇಶಾ, ಮೇಲೆ ಬರೆದದ್ದನ್ನು ಬಿಡು, ಇದನ್ನು ಓದು. ಈಗ ತಾನೇ ಪಕ್ಕದ ಮನೆಯ ಸತೀಶ ಬಂದಿದ್ದ, ಹೋದ ವರ್ಷ ನಿನ್ನ ಜೊತೆ ಹಿಮದ ತರಬೇತಿಗೆ ಹೋಗಿದ್ದವನು. ನಿನ್ನ ಕರಡಿಗೆಯ ವಿಷಯ ಹೆಮ್ಮೆಯಿಂದ ಹೇಳಿದೆ. ಅವನ ಮುಖವೇ ಬದಲಾಯಿತು. “ಅಜ್ಜಿ, ಅದು ಮೆಟಲ್ ಅಲ್ವಾ? ಬೀಕನ್ ಪಕ್ಕ ಇರಬಾರದು” ಎಂದ. ಸಿಗ್ನಲ್ ಕೆಡಬಹುದಂತೆ. ಹಿಮದಡಿ ಸಿಕ್ಕರೆ ನೀನು ರಿಯಾಳಿಗೆ ಸಿಗದೆ ಹೋಗಬಹುದು, ಅವಳು ನಿನಗೆ. ಮಧ್ಯೆ ಒಂದು ಗೇಣಾದರೂ ಜಾಗ ಬೇಕಂತೆ. ನಿನ್ನ ಎದೆಯ ಮೇಲೆ ಅಷ್ಟು ಜಾಗ ಎಲ್ಲಿದೆ? ತೆಗೆದುಬಿಡು ಮಗಳೇ. ಮಡಿಬಟ್ಟೆಯಲ್ಲಿ ಸುತ್ತಿ ಕ್ಯಾಬಿನ್ನಿನಲ್ಲಿಟ್ಟು ಹೋಗು. ನನಗೆ ಕೊಟ್ಟ ಮಾತು ಮುರಿ. ಶಿವನ ಹತ್ತಿರ ನಾನು ಮಾತಾಡಿಕೊಳ್ಳುತ್ತೇನೆ, ನಾಳೆ ನಿನ್ನ ಪಾಲಿನ ಪೂಜೆಯನ್ನೂ ನಾನೇ ಮಾಡುತ್ತೇನೆ. ನೀನು “ತೆಗೆದೆ” ಎಂದು ಬರೆ, ಅಷ್ಟೇ ಸಾಕು.