ಹನ್ನೊಂದು

ಮಿಶ್ರಿಕೋಟಿ, ೨೧ ನವೆಂಬರ್, ಶುಕ್ರವಾರ

ಹನ್ನೊಂದು. ಈ ಸಂಖ್ಯೆ ತಲೆಯಿಂದ ಇಳಿಯುತ್ತಲೇ ಇಲ್ಲ. ಇಪ್ಪತ್ತು ವರ್ಷದಿಂದ ಊರೂರಿನ ಆಕಳುಗಳಿಗೆ ಗರ್ಭ ಕಟ್ಟಿಸುವವನು ನಾನು. ದ್ರವ ಸಾರಜನಕದ ಡಬ್ಬಿಯಲ್ಲಿಟ್ಟು ಒಯ್ಯುವ ಹೋರಿ ವೀರ್ಯದ ಒಂದು ಕಡ್ಡಿಯಲ್ಲಿ ಎರಡು ಕೋಟಿ ವೀರ್ಯಾಣು ಇರುತ್ತವೆ. ಇವತ್ತು ಹುಬ್ಬಳ್ಳಿಯ ಡಾಕ್ಟರು ನನ್ನೊಳಗೆ ಹುಡುಕಿ ತೆಗೆದದ್ದು ಹನ್ನೊಂದು. ಮುಂದೆ ನಮಗೊಂದು ಮಗುವಾಗಲೆಂದು ಅವನ್ನು ಹೆಪ್ಪುಗಟ್ಟಿಸಿ ಇಟ್ಟರು.

"ಹೋರೀದು ನಿಧಾನಕ್ಕ ತಣಸ್ತಾರಲ್ರಿ?" ಎಂದೆ.

"ಹಂಗ ಮಾಡಿದ್ರ ಹಿಮದ ಹರಳು ಚುಚ್ಚಿ ಅರ್ಧ ಸಾಯಬಹುದ್ರಿ. ಇವನ್ನ ಒಮ್ಮೆಗೇ ಮುಳುಗಿಸೇವಿ, ಗಾಜಿನಂಗ ಆಗ್ಯಾವು," ಎಂದರು ಲ್ಯಾಬಿನ ಮುಮತಾಜ್ ಮೇಡಂ.

ಸಾಯದೆ, ಬೆಳೆಯದೆ, ಸುಮ್ಮನೆ ಕಾಯುತ್ತ ಇರುವುದು! ಕೆಟ್ಟ ಕಡ್ಡಿಗಳನ್ನು ಎಷ್ಟು ಸಲ ತಿಪ್ಪೆಗೆ ಎಸೆದಿದ್ದೇನೋ.

ಬಸ್ಸಿನಲ್ಲಿ ಹೆಂಡತಿ ಶಾಂಭವಿ ಮೆಲ್ಲಗೆ ಕೇಳಿದಳು: "ಅವಕ್ಕ ಅಲ್ಲೆ ಥಂಡಿ ಹತ್ತೂದಿಲ್ಲೇನ್ರಿ?"

ನಗು ಬರಲಿಲ್ಲ. ನನ್ನ ಡಬ್ಬಿಯ ತಣ್ಣನೆಯ ಹೊಗೆಯಲ್ಲಿ ದಿನಾ ಕೈಯಾಡಿಸುವ ನಾನು ಇದನ್ನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.