ಹನ್ನೊಂದು ಸೆಕೆಂಡಿನ ಅಲುಗಾಟ

ಹಗರಿಬೊಮ್ಮನಹಳ್ಳಿ
೧೯ ಆಗಸ್ಟ್ ೨೦೨೪

ಮಗಳು ಸಂಘಮಿತ್ರಾಳಿಗೆ ಅಪ್ಪನ ಜೈಭೀಮ್, ಆಶೀರ್ವಾದ.

ನಾವಿಬ್ಬರೂ ಕ್ಷೇಮ. ನಿಮ್ಮವ್ವನ ಮೊಣಕಾಲು ನೋವು ಇಳಿದಿದೆ, ಬಾಯಿ ಮಾತ್ರ ಮೊದಲಿನಂತೆಯೇ ಇದೆ. ನಿನ್ನ ಚಿತ್ರ ನೋಡಿ ಇಪ್ಪತ್ತು ದಿನವಾಯಿತು. ಹೇಗಿತ್ತೆಂದು ನೀನು ಮೂರು ಸಲ ಫೋನ್ ಮಾಡಿ ಕೇಳಿದೆ. ಮೂರು ಸಲವೂ ನಾನು ಮಳೆಯ ಸುದ್ದಿ ತೆಗೆದು ಮಾತು ಹಾರಿಸಿದೆ. ತಪ್ಪು ನನ್ನದೇ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಈ ಕಾಗದ.

ಕೊಟ್ಟೂರಿನ ಕಾಲೇಜಿನಲ್ಲಿ ನಿನ್ನ ಗೆಳೆಯರು ಚಿತ್ರ ಹಾಕಿದ ದಿನ ನಾವು ಮುಂದಿನ ಸಾಲಿನಲ್ಲೇ ಕೂತಿದ್ದೆವು. ಕೊನೆಯಲ್ಲಿ ಕ್ಯಾಮೆರಾ ಎಂಬುದರ ಮುಂದೆ ನಿನ್ನ ಹೆಸರು ಬಂದಾಗ ನನಗೆ ಎದೆ ತುಂಬಿ ಬಂತು. ನಿಮ್ಮವ್ವ ಸೆರಗಿನಿಂದ ಕಣ್ಣು ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆ ಎಂದುಕೊಂಡು ಕೈ ಹಿಡಿದೆ. "ಅಳೂದೆಲ್ಲಿ ಬಂತು, ಹಡಗಲಿ ಬಸ್ಸಿನ ಹಿಂದಿನ ಸೀಟಿನಾಗ ಕುಂತಂಗ ಆಗೈತಿ, ತಲಿ ತಿರುಗತೈತಿ" ಎಂದಳು.

ನನಗೆ ತಲೆ ತಿರುಗಲಿಲ್ಲ. ಚಿತ್ರದ ಆ ಹೆಂಗಸು ಗಂಡನನ್ನು ಹುಡುಕುತ್ತ ಆಸ್ಪತ್ರೆಯಲ್ಲಿ ಓಡುವಾಗ ನಿನ್ನ ಕ್ಯಾಮೆರಾ ಕುಣಿದದ್ದು ಸರಿಯಾಗಿಯೇ ಇತ್ತು. ಅವಳ ಏದುಸಿರು ನನಗೂ ತಟ್ಟಿತು. ಆದರೆ ಅವಳು ಗಂಡನ ಹೆಣದ ಪಕ್ಕ ಕಲ್ಲಾಗಿ ಕೂತಾಗಲೂ ನೀನು ಅಲುಗಾಡಿಸಿದೆ. ಅಲ್ಲಿ ನಡುಗುತ್ತಿದ್ದವರು ಯಾರು? ಅವಳಲ್ಲ, ನೀನು. ಅಳುವವರ ಎದುರು ನೀನೂ ಅತ್ತುಬಿಟ್ಟರೆ ಅವರ ಅಳು ನನಗೆ ಕಾಣುವುದಿಲ್ಲ. ಸ್ಟ್ಯಾಂಡ್ ಹಾಕಿ ತೆಗೆದರೆ ಅದು ಮದುವೆ ವಿಡಿಯೋ ಆಗುತ್ತದೆ ಎಂದು ನೀನು ನನ್ನನ್ನು ಅಣಕಿಸುತ್ತಿದ್ದೆ. ಆಗಲಿ ಬಿಡು. ಇಪ್ಪತ್ತೆಂಟು ವರ್ಷ ಜನರ ಮದುವೆ, ಸಾವು ಎರಡನ್ನೂ ತೆಗೆದ ನನ್ನ ಮಾತು ಇಷ್ಟೇ: ಕ್ಯಾಮೆರಾ ಕದಲದಿದ್ದರೆ ಎದುರಿಗೆ ಏನು ಕದಲಿತು ಎಂಬುದು ತಿಳಿಯುತ್ತದೆ.

ಈಗ ಈ ಮಾತು ಹೇಳುವ ಯೋಗ್ಯತೆ ನನಗೆ ಉಳಿದಿಲ್ಲ. ಯಾಕೆಂದು ಕೇಳು.

ಫೆಬ್ರವರಿಯಲ್ಲಿ ಹಿರೇಹಡಗಲಿಯ ಮರುಳಪ್ಪನವರು ತೀರಿಕೊಂಡಾಗ ವಿಡಿಯೋ ತೆಗೆಯಲು ಹೋಗಿದ್ದೆ. ಬೆಳಿಗ್ಗೆ ಹೊಲದಲ್ಲಿ ಕುಸಿದು ಬಿದ್ದರಂತೆ. ಯಾರೋ ನಾಡಿ ಹಿಡಿದು ನೋಡಿ ಮುಗಿಯಿತು ಎಂದರಂತೆ. ಅವರ ಪದ್ಧತಿಯಂತೆ ವಿಭೂತಿ ಬಳಿದು, ಹಾರ ಹಾಕಿ, ಬಟ್ಟೆಯಿಂದ ಗೋಡೆಯ ಗೂಟಕ್ಕೆ ಕಟ್ಟಿ ಪಡಸಾಲೆಯಲ್ಲಿ ಕೂರಿಸಿದ್ದರು. ಬೀಗರು, ನೆಂಟರು ಒಬ್ಬೊಬ್ಬರಾಗಿ ಪಕ್ಕದಲ್ಲಿ ಕೂತು ಎದ್ದು ಹೋದರು. ನಾನು ಎಲ್ಲವನ್ನೂ ತೆಗೆದೆ.

ಜೂನ್ ತಿಂಗಳಲ್ಲಿ ಅವರ ಹೆಂಡತಿ ಕೊಟ್ರಬಸಮ್ಮ ಒಬ್ಬರೇ ಸ್ಟುಡಿಯೋಕ್ಕೆ ಬಂದರು. ಮುಖ ಬತ್ತಿಹೋಗಿತ್ತು. ಅದುವರೆಗೆ ಧೈರ್ಯ ಸಾಲದೆ ಇಟ್ಟಿದ್ದ ವಿಡಿಯೋವನ್ನು ಟಿವಿಗೆ ಹಾಕಿ ನೋಡಿದ್ದರಂತೆ. ಅಂದಿನಿಂದ ಒಂಬತ್ತು ದಿನ ಅನ್ನ ಗಂಟಲಲ್ಲಿ ಇಳಿದಿಲ್ಲ ಎಂದರು. ವಿಡಿಯೋದಲ್ಲಿ ಮರುಳಪ್ಪನವರ ಪಕ್ಕ ಯಾರೂ ಇಲ್ಲದ ಒಂದು ಗಳಿಗೆಯಲ್ಲಿ ಅವರಿಗೆ ಏನೋ ಕಂಡಿತ್ತು.

"ಎದಿ ಮ್ಯಾಲಿನ ಹಾರ ಮ್ಯಾಲ ಕೆಳಗ ಆಗೈತಿ, ಹೊನ್ನೂರಸ್ವಾಮಿ. ಉಸಿರಿರೋ ಮನಶಾನ್ನ ನಾವು ಮಣ್ಣಾಗ ಇಟ್ವೇನಪ್ಪಾ?"

ಕ್ಯಾಮೆರಾ ಕೈಯಲ್ಲಿತ್ತು, ನನ್ನ ಕೈಯೇ ನಡುಗಿರಬೇಕು ಎಂದು ತಟ್ಟನೆ ಹೇಳಿಬಿಟ್ಟೆ. ಪೆನ್‌ಡ್ರೈವ್ ಬಿಟ್ಟು ಹೋಗಿ, ನಾಳೆ ದೊಡ್ಡ ಪರದೆಯ ಮೇಲೆ ತೋರಿಸುತ್ತೇನೆ ಎಂದು ಕಳಿಸಿದೆ.

ಅವರು ಹೋದ ಮೇಲೆ ಹಾಕಿ ನೋಡಿದೆ. ಎಡಿಟ್ ಮಾಡುವಾಗ ಗಮನಿಸಿರಲಿಲ್ಲ. ಕ್ಯಾಮೆರಾ ಸ್ಟ್ಯಾಂಡ್ ಮೇಲಿತ್ತು, ಮಗಳೇ. ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು. ಹಿಂದಿನ ಗೋಡೆಯ ಕ್ಯಾಲೆಂಡರಿನ ಹಾಳೆ ಕೂಡ ಮಿಸುಕಿಲ್ಲ. ಹಾರ ಮಾತ್ರ ಹನ್ನೊಂದು ಸೆಕೆಂಡಿನಲ್ಲಿ ಮೂರು ಸಲ ಎದ್ದು ಇಳಿದಿದೆ. ಬಾಗಿಲಿಂದ ಗಾಳಿ ಬಂದಿರಬಹುದು, ಹೂವಿನ ಭಾರಕ್ಕೆ ಜಾರಿರಬಹುದು. ನಾನು ಡಾಕ್ಟರಲ್ಲ.

ಕಳೆದ ದೀಪಾವಳಿಗೆ ಬಂದಾಗ ನೀನು ಕಂಪ್ಯೂಟರಿನಲ್ಲಿ ನಿಂತ ದೃಶ್ಯಕ್ಕೆ ನಡುಕ ಸೇರಿಸುವುದನ್ನು ತೋರಿಸಿದ್ದೆ. ಅದು ಕಳ್ಳ ಕೆಲಸ ಎಂದು ನಾನು ರೇಗಿದ್ದೆ. ಅದನ್ನೇ ಮಾಡಿದೆ. ಕ್ಯಾಲೆಂಡರ್, ಗೂಟ, ಹಾರ ಎಲ್ಲವೂ ಒಟ್ಟಿಗೆ ಅಲುಗಾಡುವಂತೆ ಮಾಡಿ ಮರುದಿನ ತೋರಿಸಿದೆ. ಆ ಅಮ್ಮ ಪರದೆಯ ಹತ್ತಿರ ಹೋಗಿ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನಿಂತರು.

"ಗ್ವಾಡಿನೂ ಅಳ್ಳಾಡೈತಿ. ಹಂಗಾರ ಅವರಲ್ಲ" ಎಂದರು.

ನೀರು ಕೇಳಿ ಕುಡಿದರು, ಆಮೇಲೆ ಅತ್ತರು. ನಿನ್ನ ಹೆಸರು ಕೇಳಿ ನಿನಗೂ ಒಳ್ಳೆಯದಾಗಲಿ ಎಂದು ಹರಸಿ ಹೋದರು. ಈಗ ಊಟ ಮಾಡುತ್ತಿದ್ದಾರಂತೆ.

ಕೊಟ್ಟೂರಿನಲ್ಲಿ ನಿನ್ನ ಚಿತ್ರದ ಹೆಣದ ಮುಂದೆ ಕ್ಯಾಮೆರಾ ನಡುಗತೊಡಗಿದಾಗ ನಾನು ಆ ಹೆಂಗಸಿನ ಮುಖ ನೋಡಲೇ ಇಲ್ಲ. ಸತ್ತವನ ಎದೆಯನ್ನೇ ನೋಡುತ್ತಿದ್ದೆ. ಅದು ಕದಲಿತೋ ಇಲ್ಲವೋ ತಿಳಿಯಲಿಲ್ಲ. ನಡುಕ ಕಥೆಗೆ ನೆರವೋ ಕೇಡೋ ಎಂದು ಇನ್ನು ನನ್ನನ್ನು ಕೇಳಬೇಡ. ಒಂದು ಜೀವ ಅದರಿಂದ ನಿದ್ದೆ ಮಾಡುತ್ತಿದೆ, ಇನ್ನೊಂದಕ್ಕೆ ನಿದ್ದೆ ಇಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಭಾರದ ಕ್ಯಾಮೆರಾ ಒಂದೇ ಹೆಗಲಿಗೆ ಹಾಕಬೇಡ. ನನಗಿಂತ ದೊಡ್ಡ ಕೆಲಸಗಾರ್ತಿಯಾಗು, ನನಗಿಂತ ಗಟ್ಟಿ ಮನಸ್ಸಿನವಳಾಗು.

ಇಂತಿ ನಿನ್ನ ಅಪ್ಪ,
ಹೊನ್ನೂರಸ್ವಾಮಿ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಹಾರ ಕದಲಿದ್ದನ್ನು ನಾನು ಅಂದೇ, ಅಲ್ಲೇ, ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿದ್ದೆ. ಮರುಳಪ್ಪನವರ ತಮ್ಮ ಪಕ್ಕದಲ್ಲೇ ನಿಂತಿದ್ದರು. "ಯಜಮಾನ್ರ, ಒಂದ್ಸಲ..." ಎಂದೆ. "ಎಲ್ಲಾ ಬಂತಲ್ಲ? ಇನ್ನ ಹೊರಗ ನಡಿ" ಎಂದರು. ಕ್ಯಾಮೆರಾ ಓಡುತ್ತಿರುವವರೆಗೆ ಮಾತ್ರ ಆ ಪಡಸಾಲೆಯಲ್ಲಿ ನನಗೆ ಜಾಗ, ಅದು ನಿನಗೆ ಗೊತ್ತಿರುವುದೇ. ಆದರೂ ಕೂಗಿ ಹೇಳಬಹುದಿತ್ತು. ನನ್ನ ಮಾತು ಸುಳ್ಳಾದರೆ ಇಷ್ಟು ಜನರ ನಡುವೆ ನನ್ನ ಗತಿ ಏನು ಎಂದು ಯೋಚಿಸಿದೆ. ಸ್ಟ್ಯಾಂಡ್ ಮಡಚಿ ಅಂಗಳಕ್ಕೆ ಬಂದು, ಕಾಗದದ ಲೋಟದಲ್ಲಿ ಕೊಟ್ಟ ಚಹಾ ಕುಡಿದೆ. ಆಗ ಹನ್ನೆರಡೂವರೆ. ಅವರನ್ನು ಮಣ್ಣಿಗೆ ಇಳಿಸಿದ್ದು ನಾಲ್ಕು ಗಂಟೆಗೆ.